ನಂಜುಂಡ ಕಟ್ಟಿದ ಗೋಡೆ

ಭಾರ್ಗವಿಯವರ ಬಚ್ಚಲುಮನೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮಾರನೆಯ ದಿನ ಮೊಮ್ಮಗುವಿನ ನಾಮಕರಣ. ಬಕೆಟ್ಟಿನಲ್ಲಿ ಮೊಗೆದು ಹಿತ್ತಲಿಗೆ ಚೆಲ್ಲಿ ಚೆಲ್ಲಿ ಮನೆಯವರ ಸೊಂಟ ಹಿಡಿದುಹೋಗಿತ್ತು. ಕೊಳವೆ ಬಿಡಿಸಲು ಬಂದ ಇಂಚರಳ ಕೈಯಲ್ಲಿ ಕಬ್ಬಿಣದ ಸಲಾಕೆ ಇರಲಿಲ್ಲ, ನೀರು ಚಿಮ್ಮಿಸುವ ಯಂತ್ರವೂ ಇರಲಿಲ್ಲ. ಒಂದು ಸ್ಟೀಲಿನ ಡಬ್ಬಿ ಇತ್ತು. ಅದರ ಮುಚ್ಚಳ ತೆಗೆದು, ಗಂಜಿಯಷ್ಟು ತೆಳುವಾಗಿದ್ದ ಅರಿಸಿನ ಬಣ್ಣದ ಲೋಳೆಯನ್ನು ಒಂದು ಸೌಟಿನಷ್ಟು ಬಚ್ಚಲಿನ ತೂತಿನ ಮೇಲೆ ಸುರಿದಳು. ಲೋಳೆ ನೀರಿನಲ್ಲಿ ಕದಡಿಹೋಗಲಿಲ್ಲ. ತುಸು ಹೊತ್ತು ಮುದ್ದೆಗಟ್ಟಿ ನಿಂತು, ದಾರಿ ಯೋಚಿಸಿಕೊಂಡಂತೆ, ಆಮೇಲೆ ಎಳೆ ಎಳೆಯಾಗಿ ತೂತಿನೊಳಕ್ಕೆ ಇಳಿಯಿತು.

"ಇದಕ್ಕೆ ಜೀವ ಅದಾ?" ಎಂದು ಬಾಗಿಲಲ್ಲಿ ನಿಂತಿದ್ದ ಮುದುಕಿ ಕೇಳಿದಳು. ತಗ್ಗಿನ ಬೀದಿಯ ಶ್ವೇತಜ್ಜಿ. ನಾಮಕರಣಕ್ಕೆ ಮಲ್ಲಿಗೆ ಮಾಲೆ ಕೊಟ್ಟು ಹೋಗಲು ಬಂದವಳು, ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನೋಡುತ್ತ ನಿಂತುಬಿಟ್ಟಿದ್ದಳು.

ಇದೆ ಎಂದು ಇಂಚರ ಹೇಳಿದಳು. ಕೇಳುವವರು ಸಿಕ್ಕರೆ ಅವಳಿಗೆ ಮಾತು ನಿಲ್ಲಿಸಲು ಬರುತ್ತಿರಲಿಲ್ಲ. ಮಳೆ ಬಿದ್ದಮೇಲೆ ಕೊಳೆತ ಮರದ ದಿಮ್ಮಿಯ ಮೇಲೆ ಹಳದಿ ಬಲೆಯ ಹಾಗೆ ಹರಡಿಕೊಳ್ಳುತ್ತದಲ್ಲ, ಆ ಲೋಳೆಬೂಷ್ಟಿನ ಜಾತಿ ಇದು. ಅಂಗೈಯಷ್ಟಿರಲಿ, ಅಂಗಳದಷ್ಟಿರಲಿ, ಇಡೀ ಮೈ ಒಂದೇ ಜೀವಕೋಶ. ಮಿದುಳಿಲ್ಲ, ಕಣ್ಣಿಲ್ಲ, ಆದರೂ ಆಹಾರಕ್ಕೆ ಇರುವ ಅತಿ ಹತ್ತಿರದ ದಾರಿಯನ್ನು ಹುಡುಕಿಕೊಳ್ಳುತ್ತದೆ. ಓದುವ ದಿನಗಳಲ್ಲಿ ಹಾಸ್ಟೆಲಿನ ಅಡುಗೆಮನೆಯ ತೊಟ್ಟಿಯಡಿ ಅಂಥದೊಂದು ಬೂಷ್ಟು ಜಿಡ್ಡನ್ನು ತಿನ್ನುತ್ತಿದ್ದುದನ್ನು ಇಂಚರ ಕಂಡಿದ್ದಳು. ಎಲೆ, ದಿಮ್ಮಿ ಬಿಟ್ಟು ಇದಕ್ಕೆ ಇಲ್ಲೇನು ಕೆಲಸ ಎಂಬ ಕುತೂಹಲ ಅವಳನ್ನು ಬಿಡಲಿಲ್ಲ. ಆ ಬೂಷ್ಟನ್ನು ತಲೆಮಾರಿನ ಮೇಲೆ ತಲೆಮಾರು ಬೆಳೆಸಿ, ಕತ್ತಲು, ಸೋಪು, ಕೊಳಚೆ ಎಲ್ಲವನ್ನೂ ತಾಳಿಕೊಳ್ಳುವಂತೆ ಪಳಗಿಸುವುದರಲ್ಲಿ ಅವಳ ತಲೆಗೂದಲು ಅರ್ಧ ನರೆತಿತ್ತು.

ಅದರ ಮೈಯಲ್ಲಿ ರಕ್ತನಾಳಗಳಂಥ ಎಳೆಗಳು ಸದಾ ಮಿಡಿಯುತ್ತಿರುತ್ತವೆ. ಜಿಡ್ಡು ಸಿಕ್ಕರೆ ಮಿಡಿತ ನಿಧಾನ, ಮರದ ಬೇರು ಸಿಕ್ಕರೆ ಬಿಟ್ಟು ಬಿಟ್ಟು, ಮರಳು ಸಿಕ್ಕರೆ ಬಹಳ ಕ್ಷೀಣ. ತೂತಿನ ಬಾಯಲ್ಲಿ ಇಟ್ಟ ಒಂದು ಸಣ್ಣ ಉಪಕರಣ ಆ ಮಿಡಿತವನ್ನು ಕೇಳಿಸಿಕೊಂಡು, ನೆಲದಡಿಯ ಕೊಳವೆಯ ನಕ್ಷೆ ಬರೆಯುತ್ತದೆ. ವೈದ್ಯರು ನಾಡಿ ಹಿಡಿದು ನೋಡಿದ ಹಾಗೆ. ಲೋಳೆಯ ಜೊತೆಗೆ ಇಂಚರ ಒಂದು ಬ್ಯಾಕ್ಟೀರಿಯಾವನ್ನೂ ಕೂಡಿಸಿದ್ದಳು. ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು, ಗಡಸು ನೀರಿನ ಕ್ಯಾಲ್ಸಿಯಂ ಸೇರಿಸಿ, ಸುಣ್ಣಕಲ್ಲು ಮಾಡುವ ಬ್ಯಾಕ್ಟೀರಿಯಾ ಅದು. ಎಲ್ಲಿ ಲೋಳೆಗೆ ಮಣ್ಣಿನ ರುಚಿ ಹತ್ತುತ್ತದೋ ಅಲ್ಲಿ ಕೊಳವೆ ಬಿರುಕು ಬಿಟ್ಟಿದೆ ಎಂದರ್ಥ. ಅಲ್ಲಿ ಎರಡೂ ಸೇರಿ ಬಸವನಹುಳು ಚಿಪ್ಪು ಕಟ್ಟಿಕೊಳ್ಳುವಂತೆ ಪದರ ಪದರವಾಗಿ ಸುಣ್ಣ ಕಟ್ಟಿ ಬಿರುಕನ್ನು ಮುಚ್ಚುತ್ತವೆ.

ಪರದೆಯ ಮೇಲೆ ನಕ್ಷೆ ಮೂಡಿತು. ಕಟ್ಟಿಕೊಂಡದ್ದು ಭಾರ್ಗವಿಯವರ ಮನೆಯೊಳಗಲ್ಲ, ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಲ್ಲಿ; ಪಕ್ಕದ ಮನೆಯ ಸಂಪಿಗೆ ಮರದ ಬೇರು ಕೊಳವೆಯ ಕೀಲಿನಲ್ಲಿ ತೂರಿಕೊಂಡಿತ್ತು. ಇದೇ ಕೊಳವೆಯ ಸಲುವಾಗಿ ಎರಡು ಮನೆಗಳ ನಡುವೆ ಮಾತು ಬಿಟ್ಟುಹೋಗಿತ್ತು. ತಪ್ಪು ನಿಮ್ಮದೂ ಅಲ್ಲ ಅವರದೂ ಅಲ್ಲ, ಮರದ್ದು ಎಂದು ಇಂಚರ ಹೇಳಿದಾಗ ಭಾರ್ಗವಿಯವರಿಗೆ ಸಮಾಧಾನವೂ ಆಯಿತು, ಸ್ವಲ್ಪ ನಿರಾಸೆಯೂ ಆದಂತಿತ್ತು. ಬೇರಿನ ಎಳೆಗಳನ್ನೂ ಅವಕ್ಕೆ ಹತ್ತಿದ್ದ ಜಿಡ್ಡನ್ನೂ ಲೋಳೆ ತಿಂದು ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಬಚ್ಚಲು ಗುಳುಗುಳು ಎಂದು ನೀರನ್ನು ಒಳಗೆಳೆದುಕೊಂಡಿತು.

ಶ್ವೇತಜ್ಜಿ ಅಲ್ಲಿಯವರೆಗೂ ಮನೆಗೆ ಹೋಗಿರಲಿಲ್ಲ. ಇದಕ್ಕೆ ಹೆಸರೇನು ಎಂದು ಕೇಳಿದಳು. ಇಂಚರ ಹೇಳಿದ ಉದ್ದದ ವೈಜ್ಞಾನಿಕ ಹೆಸರು ಅವಳ ನಾಲಿಗೆಗೆ ಹತ್ತಲಿಲ್ಲ. "ಊರೋರ್ ನಂಜೆಲ್ಲ ತಾನು ಉಂಡ್ಕೊಂಡು ಊರ್ನ ಉಳುಸ್ತದೆ. ನಂಜುಂಡ ಅನ್ನವ್ವ, ಸಾಕು" ಎಂದಳು. ನಂಜನಗೂಡಿನಲ್ಲಿ ಹುಟ್ಟಿದವಳಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಆ ಹೆಸರೇ ನಿಂತಿತು.

ಮುಂದಿನ ಎರಡು ವರ್ಷಗಳಲ್ಲಿ ಮೈಸೂರಿನ ಕೊಳದ ಮೊಹಲ್ಲಾದ ಎಲ್ಲ ಕೊಳವೆಗಳಲ್ಲೂ ನಂಜುಂಡ ಹಬ್ಬಿಕೊಂಡ. ಮನೆ ಮನೆಗೂ ಬೇರೆ ಬೇರೆ ನಂಜುಂಡನಲ್ಲ. ಎಲ್ಲ ಒಂದೇ ಮೈ, ಒಂದೇ ಮಿಡಿತ. ಹೊಸ ಬಾಡಿಗೆದಾರರು ಬಂದರೆ, ಅನ್ನದ ತಿಳಿಯನ್ನು ಬಿಸಿಬಿಸಿಯಾಗಿ ಚೆಲ್ಲಬೇಡಿ, ನಂಜುಂಡನಿಗೆ ಆಗದು ಎಂದು ಮನೆಯವರು ಬುದ್ಧಿ ಹೇಳುತ್ತಿದ್ದರು. ಹಿಂದೆ ಮಲ ಹೊರುವವರು ಮನೆಗಳ ಹಿಂಬಾಗಿಲಿಗೆ ಬಂದು ಹೋಗಲೆಂದೇ ಮಾಡಿದ್ದ ಕನ್ಸರ್ವೆನ್ಸಿ ಗಲ್ಲಿಗಳಿಗೆ ಮೂಗು ಮುಚ್ಚಿಕೊಂಡು ಕೂಡ ಯಾರೂ ಕಾಲಿಡುತ್ತಿರಲಿಲ್ಲ. ಈಗ ಅಲ್ಲಿ ಹೆಂಗಸರು ಸಂಜೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದೆಂಬ ಕಾನೂನು ಅವರ ಅಜ್ಜಂದಿರ ಕಾಲದ್ದು. ಕಾನೂನು ಇದ್ದರೂ ಎಲ್ಲೋ ಒಂದು ಕಡೆ ಇಳಿಸುತ್ತಲೇ ಇದ್ದರು. ಇಳಿಸುವ ಪ್ರಮೇಯವೇ ಬಾರದಂತೆ ಆದದ್ದು ನಂಜುಂಡ ಬಂದಮೇಲೆ. ಬೇರೆ ಊರುಗಳವರು ಇಂಚರಳ ಪ್ರಯೋಗಶಾಲೆಗೆ ಬಂದು ಡಬ್ಬಿ ಕೇಳಿಕೊಂಡು ಹೋಗುತ್ತಿದ್ದರು.

ಎರಡನೆಯ ವರ್ಷದ ಆಷಾಢದಲ್ಲಿ ನಂಜುಂಡ ಕೈಕೊಟ್ಟ.

ಮೊದಲು ಇಂಚರಳ ಪರದೆಯಲ್ಲಿ ಕಂಡದ್ದು ಒಂದು ವಿಚಿತ್ರ. ಮೊಹಲ್ಲಾದ ಮೇಲಿನ ಬೀದಿಗಳ ಕೊಳಚೆಯೆಲ್ಲ ಸೇರಿ ತಗ್ಗಿನ ಬೀದಿಯ ಕಡೆಗೆ ಇಳಿಯುವ ದೊಡ್ಡ ಕೊಳವೆಯಲ್ಲಿ, ಮುಖ್ಯರಸ್ತೆಯ ಅಡಿ, ನಂಜುಂಡ ಗುಂಪುಗೂಡುತ್ತಿದ್ದ. ಅಲ್ಲಿ ಜಿಡ್ಡಿರಲಿಲ್ಲ, ಬೇರಿರಲಿಲ್ಲ. ಆದರೂ ಮನೆಗಳ ಕಡೆಯಿಂದ ತನ್ನ ಮೈಯನ್ನು ಹಿಂದಕ್ಕೆಳೆದುಕೊಂಡು ಅಲ್ಲಿಗೇ ತುಂಬುತ್ತಿದ್ದ. ಕೆಲವೇ ವಾರಗಳಲ್ಲಿ ಮೇಲಿನ ಬೀದಿಯ ಮ್ಯಾನ್‌ಹೋಲುಗಳು ಉಕ್ಕಿದವು. ಭಾರ್ಗವಿಯವರ ಅಂಗಳಕ್ಕೇ ಕೊಳಚೆ ನುಗ್ಗಿತು. ತೇಲುವ ಕ್ಯಾಮೆರಾ ಬಿಟ್ಟು ನೋಡಿದರೆ ಕೊಳವೆಗೆ ಅಡ್ಡಲಾಗಿ ಬಿಳಿಯ ಗೋಡೆ. ಶಂಖದ ಒಳಮೈಯ ಹಾಗೆ ನುಣುಪು, ಒಂದು ಸೂಜಿಮೊನೆಯಷ್ಟು ಸಂದಿಲ್ಲ.

ಒಳಚರಂಡಿ ವಿಭಾಗದ ಇಂಜಿನಿಯರ್ ಜುಬೇರ್ ಪಾಷಾ ಕೋಪಿಷ್ಠರಲ್ಲ. ನಂಜುಂಡನನ್ನು ಮೊದಲು ಈ ಮೊಹಲ್ಲಾಕ್ಕೆ ಬಿಡಿಸಿದವರೇ ಅವರು. ಕ್ಯಾಮೆರಾದ ಚಿತ್ರವನ್ನು ಬಹಳ ಹೊತ್ತು ನೋಡಿ, "ಬಿಡಿಸೋಕೆ ಅಂತ ಬಿಟ್ಟದ್ದೇ ಕಟ್ಕೊಂಡು ಕೂತಿದೆ ಮೇಡಂ. ಜನಕ್ಕೆ ನಾನು ಏನು ಹೇಳಲಿ?" ಎಂದರು.

ಮೇಲಿನ ಮ್ಯಾನ್‌ಹೋಲಿನಿಂದ ಕೊಳಚೆಯನ್ನು ಪಂಪಿನಲ್ಲಿ ಎತ್ತಿ, ಗೋಡೆಯನ್ನು ದಾಟಿಸಿ ಕೆಳಗಿನ ಮ್ಯಾನ್‌ಹೋಲಿಗೆ ಸುರಿಯುವ ತಾತ್ಕಾಲಿಕ ಏರ್ಪಾಟನ್ನು ಅವರು ಅಂದೇ ಮಾಡಿಸಿದರು. ಅದನ್ನು ಬಹಳ ದಿನ ನಡೆಸುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಮೈಲುತುತ್ತದ ದ್ರಾವಣ ತುಂಬಿದ ಟ್ಯಾಂಕರ್ ಬರುತ್ತದೆ, ಅದನ್ನು ಕೊಳವೆಗೆ ಬಿಟ್ಟು ಆಮೇಲೆ ಗೋಡೆ ಒಡೆಸುತ್ತೇನೆ ಎಂದು ಮರೆಮಾಚದೆ ಹೇಳಿದರು. ಮೈಲುತುತ್ತದಲ್ಲಿರುವ ತಾಮ್ರ ಬೂಷ್ಟಿನ ಜಾತಿಗೆ ವಿಷ. ಒಂದೇ ಮೈಯಾದ್ದರಿಂದ ಒಂದು ಕಡೆ ಸುರಿದರೂ ಇಡೀ ಮೊಹಲ್ಲಾದ ನಂಜುಂಡ ಸಾಯುತ್ತಾನೆ. ತಾಮ್ರ ಕೊಳವೆಗೆ ಹಿಡಿದುಕೊಂಡರೆ ಮತ್ತೆ ಹೊಸ ಲೋಳೆ ಬಿಡುವ ಹಾಗೂ ಇಲ್ಲ.

ಇಂಚರ ಜಗಳವಾಡಲಿಲ್ಲ. ಅಂಗಳದಲ್ಲಿ ಕೊಳಚೆ ನಿಂತವರ ಕಷ್ಟ ಅವಳಿಗೆ ಕಾಣುತ್ತಿತ್ತು. ತನ್ನ ಇಷ್ಟು ವರ್ಷಗಳ ಕೆಲಸ ನಾಳೆಗೆ ಮುಗಿಯುತ್ತದೆಂಬ ಸಂಕಟ ಇರಲಿಲ್ಲವೆಂದಲ್ಲ. ಆದರೆ ಆ ಸಂಕಟಕ್ಕಿಂತ ಒಂದು ಪ್ರಶ್ನೆ ಅವಳನ್ನು ಹೆಚ್ಚು ಕಾಡುತ್ತಿತ್ತು: ಯಾಕೆ? ನಂಜುಂಡನಿಗೆ ಬುದ್ಧಿಯಿಲ್ಲ. ಬುದ್ಧಿಯಿಲ್ಲದ್ದು ಸುಳ್ಳು ಹೇಳುವುದೂ ಇಲ್ಲ. ಮಣ್ಣಿನ ರುಚಿ ಹತ್ತದೆ ಅದು ಸುಣ್ಣ ಕಟ್ಟುವುದಿಲ್ಲ. ಗೋಡೆಯವರೆಗಿನ ಕೊಳವೆಯೋ, ಕ್ಯಾಮೆರಾದಲ್ಲಿ ನೋಡಿದರೆ, ಎಲ್ಲೂ ಬಿರುಕಿಲ್ಲದೆ ಗಟ್ಟಿಯಾಗಿತ್ತು. ಹಾಗಾದರೆ ಮಣ್ಣು ಎಲ್ಲಿಂದ ಬಂತು?

ಆ ದಿನ ಮಧ್ಯಾಹ್ನ ಜುಬೇರ್ ಫೋನು ಮಾಡಿ ಇನ್ನೊಂದು ತಲೆನೋವು ಹೇಳಿಕೊಂಡರು. ತಗ್ಗಿನ ಬೀದಿಯ ಆಚೆಗಿನ ಪಂಪ್‌ಹೌಸಿನಲ್ಲಿ ನೀರು ಏರುತ್ತಿದೆ, ಇರುವ ಪಂಪುಗಳಿಗೆಲ್ಲ ಬಿಡುವಿಲ್ಲ, ಆದರೂ ತಡೆಯಲಾಗುತ್ತಿಲ್ಲ. ಎಲ್ಲೋ ಮಳೆನೀರು ಒಳಗೆ ಸೇರುತ್ತಿರಬೇಕು. ಇಂಚರ ಕಿಟಕಿಯಾಚೆ ನೋಡಿದಳು. ಮೋಡವಿತ್ತು, ಮಳೆ ಇರಲಿಲ್ಲ. ಅವಳು ಏನೋ ಕೇಳಬೇಕೆನ್ನುವಷ್ಟರಲ್ಲಿ ಜುಬೇರ್ ಅವಸರದಲ್ಲಿ ಫೋನಿಟ್ಟರು.

ಸಂಜೆ ಶ್ವೇತಜ್ಜಿ ಪ್ರಯೋಗಶಾಲೆಗೆ ಬಂದಳು. ಅಷ್ಟು ದೂರ ನಡೆದು ಬಂದವಳಿಗೆ ಇಂಚರ ಕೂರಲು ಕುರ್ಚಿ ಹಾಕಿ ಕಾಫಿ ಕೊಟ್ಟಳು. ನಂಜುಂಡನಿಗೆ ವಿಷ ಹಾಕ್ತಾರಂತೆ, ನಿಜವೇ ಎಂದು ಅಜ್ಜಿ ವಿಚಾರಿಸಿದಳು. ನಿಜ ಎಂದಾಗ ಕಾಫಿಯನ್ನು ಕುಡಿಯದೆ ಹಾಗೇ ಹಿಡಿದುಕೊಂಡಿದ್ದಳು.

"ಒಂದ್ ಮಾತು ಹೇಳ್ಬೇಕು ಅಂತ ಬಂದೆ ಕಣವ್ವ. ನಮ್ಮನೆ ಹಿತ್ಲಲ್ಲಿ ಒಂದು ಬಾವಿ ಅದೆ. ನಲ್ವತ್ತು ವರ್ಸದಿಂದ ಚಪ್ಪಡಿ ಮುಚ್ಚಿದ್ದೀನಿ, ವಾಸ್ನೆ ತಡೆಯೋಕಾಗ್ದೆ. ಈ ತಿಂಗ್ಳು ಆ ವಾಸ್ನೆ ಇಲ್ಲ. ಚಪ್ಪಡಿ ಸರ್ಸಿ ನೋಡ್ದೆ, ಕಪ್ಪೆ ಕೂತದೆ. ನೀರ್ನಲ್ಲಿ ಮೊಕ ಕಾಣ್ತದೆ."

ಇಂಚರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೇಲಿನ ಬೀದಿಗಳ ಕೊಳಚೆ ನಿನ್ನೆಯಷ್ಟೇ ಇದೆ. ಒಂದು ಮನೆಯೂ ಹೆಚ್ಚಾಗಿಲ್ಲ. ಇದುವರೆಗೆ ಅದೇ ನೀರು ಕೊಳವೆಯಲ್ಲಿ ಇಳಿದುಹೋಗುವಾಗ ಪಂಪ್‌ಹೌಸಿಗೆ ಭಾರವಾಗಿರಲಿಲ್ಲ. ಇವತ್ತು ಪಂಪಿನಲ್ಲಿ ಎತ್ತಿ ದಾಟಿಸಿದ ಕೂಡಲೇ ಭಾರವಾಯಿತು. ಅಂದರೆ ಇದುವರೆಗೆ ಆ ನೀರು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಗೋಡೆ ಎದ್ದಾಗ ಈ ಕಡೆ ಬಾವಿ ತಿಳಿಯಾಗುತ್ತಿದೆ. ಹಾಗಿದ್ದರೆ ನಂಜುಂಡ ಕೊಳವೆಯ ನಡುವೆ ಗೋಡೆ ಕಟ್ಟಿಲ್ಲ. ಕೊಳವೆ ಮುಗಿದ ಕಡೆ ಕಟ್ಟಿದ್ದಾನೆ.

ಅಲ್ಲಿ ಅಗೆದು ನೋಡಬೇಕೆಂಬ ಇಂಚರಳ ಮಾತನ್ನು ಜುಬೇರ್ ಸುಲಭವಾಗಿ ಒಪ್ಪಲಿಲ್ಲ. ಮುಖ್ಯರಸ್ತೆಯನ್ನು ಅಗೆಯುವುದೆಂದರೆ ಮೇಲಧಿಕಾರಿಗಳ ಅನುಮತಿ ಬೇಕು, ಅಗೆದು ಏನೂ ಸಿಗದಿದ್ದರೆ ತಲೆ ಕೊಡಬೇಕಾದವರು ತಾವು ಎಂದರು. ಆದರೆ ಪಂಪ್‌ಹೌಸಿನ ಲೆಕ್ಕ ಅವರನ್ನೂ ಕೊರೆಯತೊಡಗಿತ್ತು. ಎಷ್ಟೋ ವರ್ಷಗಳಿಂದ ಅಲ್ಲಿಗೆ ಬರುವ ಕೊಳಚೆ ನಿರೀಕ್ಷೆಗಿಂತ ಕಡಿಮೆಯೇ ಇತ್ತು. ಜನ ನೀರನ್ನು ಮಿತವಾಗಿ ಬಳಸುತ್ತಿದ್ದಾರೆಂದು ಎಲ್ಲರೂ ಸಂತೋಷಪಟ್ಟುಕೊಂಡಿದ್ದರು. ಬೆಳಿಗ್ಗೆ ಟ್ಯಾಂಕರ್ ಬಂದಾಗ ಅವರು ಚಾಲಕನಿಗೆ ರಸ್ತೆಬದಿ ನಿಲ್ಲಿಸಿಕೊಂಡಿರಲು ಹೇಳಿ, ಅಗೆಯುವ ಯಂತ್ರವನ್ನು ಕರೆಸಿದರು.

ಟಾರು ಎದ್ದಿತು, ಜಲ್ಲಿ ಎದ್ದಿತು. ಅದರಡಿ ಕೇಬಲ್ ಹಾಯಿಸುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೊಳವೆಯೊಂದು ಅಡ್ಡಲಾಗಿ ಮಲಗಿತ್ತು. ಅದನ್ನು ಪಕ್ಕಕ್ಕೆ ಸರಿಸಿದಾಗ ಅದರ ಕೆಳಗೇ ಹಳೆಯ ಕಂದು ಬಣ್ಣದ ಪಿಂಗಾಣಿ ಕೊಳವೆ ಕಂಡಿತು. ಕಂಡಿತು ಅನ್ನುವುದಕ್ಕಿಂತ ಅದರ ಎರಡು ತುದಿಗಳು ಕಂಡವು. ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಉದ್ದ ಕೊಳವೆಯೇ ಇರಲಿಲ್ಲ, ಬರೀ ಚೂರುಗಳು. ಮೇಲಿನ ತುದಿಯ ಬಾಯಿಯನ್ನು ನಂಜುಂಡ ಬೆಳ್ಳಗೆ ಮುಚ್ಚಿದ್ದ. ಕೆಳಗಿನ ತುದಿಯೊಳಗೆ ಒಣಗಿದ ಹೂಳು.

ಎರಡರ ನಡುವೆ ನೆಲ ಕಪ್ಪಗೆ, ಸ್ಪಂಜಿನಂತೆ ಮೆತ್ತಗಿತ್ತು. ಯಂತ್ರದ ಹಲ್ಲು ಅದನ್ನು ಕೆರೆದಾಗ ಕಲ್ಲಿಗೆ ತಾಗಿದ ಸದ್ದು. ಮಣ್ಣು ಸರಿಸಿದರು. ಕಡೆದ ಕಲ್ಲಿನ ಮೆಟ್ಟಿಲು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಮೊಹಲ್ಲಾಕ್ಕೆ ಕೊಳದ ಮೊಹಲ್ಲಾ ಎಂದು ಹೆಸರು. ಕೊಳ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಯಾವುದೋ ಕಾಲದಲ್ಲಿ ಹೂತುಹೋದ ಕೊಳದ ಸಡಿಲ ಮಣ್ಣು ಮೇಲಿನ ಬೀದಿಗಳ ಅಷ್ಟೂ ಕೊಳಚೆಯನ್ನು ಸದ್ದಿಲ್ಲದೆ ಕುಡಿಯುತ್ತ ಬಂದಿತ್ತು. ಕೊಳಕ್ಕೆ ನೀರೂಡುತ್ತಿದ್ದ ಸೆಲೆಯೇ ತಗ್ಗಿನ ಬೀದಿಯ ಬಾವಿಗಳಿಗೂ ನೀರೂಡುತ್ತಿತ್ತು.

ಜುಬೇರ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. "ನಾವು ಕಟ್ಕೊಂಡಿದೆ ಅಂದ್ವಲ್ಲ ಮೇಡಂ. ಇಷ್ಟು ವರ್ಷ ಸೋರ್ತಾ ಇದ್ದದ್ದನ್ನ ಸರಿಯಾಗಿದೆ ಅಂದ್ಕೊಂಡಿದ್ವಿ" ಎಂದು ಮೆಲ್ಲಗೆ ಹೇಳಿ, ಎದ್ದು ಹೋಗಿ ಟ್ಯಾಂಕರನ್ನು ವಾಪಸ್ಸು ಕಳಿಸಿದರು.

ಆ ಗುಂಡಿಯ ಹತ್ತಿರ ಜನ ಸೇರಿದರು, ಮೆಟ್ಟಿಲು ನೋಡಲು. ಇಂಚರ ಮಾತ್ರ ತಗ್ಗಿನ ಬೀದಿಗೆ ಇಳಿದು ಹೋದಳು. ತಾನೇ ಹೇಳಬೇಕು, ಬೇರೆಯವರ ಬಾಯಿಂದ ಅಜ್ಜಿಗೆ ಗೊತ್ತಾಗಬಾರದು ಎನ್ನಿಸಿತ್ತು. ಶ್ವೇತಜ್ಜಿ ಹೊಸ್ತಿಲ ಬಳಿ ಕೂತು ಹೂ ಕಟ್ಟುತ್ತಿದ್ದಳು. ಇಂಚರ ಪಕ್ಕದಲ್ಲಿ ಕೂತು, ಬಾವಿ ಯಾಕೆ ಕೆಟ್ಟಿತ್ತು ಎಂಬುದನ್ನು ಮೊದಲಿನಿಂದ ಹೇಳಿದಳು. ಅಜ್ಜಿಯ ಬೆರಳುಗಳು ನಿಂತವು.

ಅಜ್ಜಿ ಆಗ ಹೇಳಿದ್ದು ಅವಳ ಮಗಳ ವಿಷಯ. ಮಾನ್ವಿ ಅಂತ ಹೆಸರು. ಬಾವಿಗೆ ಚಪ್ಪಡಿ ಮುಚ್ಚುವುದಕ್ಕೆ ಮುಂಚೆ, ಶಾಲೆಗೆ ಸೇರಿಸಬೇಕೆಂದಿದ್ದ ವರ್ಷ ವಾಂತಿಭೇದಿಯಾಗಿ ತೀರಿಕೊಂಡಳು. ಆ ವರ್ಷ ಬೀದಿಯಲ್ಲಿ ಇನ್ನೂ ಕೆಲವು ಮಕ್ಕಳು ಹೋದವು. ನೋಡಲು ಬಂದವರೆಲ್ಲ, ನಿಮ್ಮ ಬೀದಿಯವರಿಗೆ ಶುಚಿ ಸಾಲದು ಎಂದರು. ಪಾತ್ರೆಯನ್ನು ಬೂದಿಯಲ್ಲಿ ತಿಕ್ಕಿ ತಿಕ್ಕಿ ಅವಳ ಅಂಗೈ ಸುಲಿದುಹೋಗಿತ್ತು. ಆದರೂ ಅಷ್ಟು ಜನ ಹೇಳುವಾಗ ತನ್ನಲ್ಲೇ ಏನೋ ಕೊರತೆ ಇದ್ದಿರಬೇಕೆಂದು ಅವಳು ನಂಬಿದಳು. ಹೂ ಕೊಡಲು ಹೋದ ಮನೆಗಳಲ್ಲಿ ನೀರು ಕೇಳುವುದನ್ನು ಅಂದಿನಿಂದ ಬಿಟ್ಟಿದ್ದಳು.

"ಯಾರ್ ಮನೇದವ್ವ ಅದು, ಬಾವಿಗೆ ಬಂದದ್ದು?"

"ಒಬ್ಬರ ಮನೇದಲ್ಲ ಅಜ್ಜಿ. ಮೇಲಿನ ಬೀದಿ ಎಲ್ಲಾರ್ದೂ."

"ಭಾರ್ಗವಮ್ನೋರ್ದೂವೆ?"

"ಹೂಂ."

"ಅವ್ರಿಗೆ ಗೊತ್ತಿತ್ತಾ?"

"ಇಲ್ಲ. ಯಾರಿಗೂ ಗೊತ್ತಿರಲಿಲ್ಲ."

ಶ್ವೇತಜ್ಜಿ ನೂಲನ್ನು ಬೆರಳಿಗೆ ಸುತ್ತಿಕೊಂಡಳು. "ಗೊತ್ತಿದ್ರೆ ಚೆನ್ನಾಗಿತ್ತು" ಎಂದಳು. "ಬೈಬೋದಿತ್ತು."

ತನ್ನ ಜೀವಮಾನದಲ್ಲಿ ಇಂಚರ ಲೋಳೆಯ ಮಿಡಿತಕ್ಕೆ ಹುಡುಕಿದಷ್ಟು ಅರ್ಥವನ್ನು ಮನುಷ್ಯರ ಮಾತಿಗೆ ಹುಡುಕಿದವಳಲ್ಲ. ಸಂಜೆಯವರೆಗೆ ಅಲ್ಲೇ ಕೂತು, ಅಜ್ಜಿ ಹೇಳಿಕೊಟ್ಟಂತೆ ಹೂವನ್ನು ಜೋಡಿಸಿ ಜೋಡಿಸಿ ಅವಳ ಕೈಗೆ ಕೊಟ್ಟಳು.

ಹೊಸ ಕೊಳವೆ ಜೋಡಿಸಿದರು. ಸೇರಿಕೆ ಗಟ್ಟಿಯಾದ ಮೇಲೆ, ಬಿಳಿಯ ಗೋಡೆಯನ್ನು ಇಂಚರಳೇ ನಿಂತು ಒಡೆಸಿದಳು. ನಂಜುಂಡ ಮತ್ತೆ ಅಲ್ಲಿ ಕಟ್ಟಲಿಲ್ಲ. ಪಂಪ್‌ಹೌಸನ್ನು ದೊಡ್ಡದು ಮಾಡಬೇಕಾಯಿತು. ಕೊಳವನ್ನು ಏನು ಮಾಡಬೇಕೆಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ. ಬಾವಿಯ ನೀರು ಕುಡಿಯುವಂತಾಗಲು ಇನ್ನೂ ಬಹಳ ಮಳೆಗಾಲ ಬೇಕು ಎಂದು ಪರೀಕ್ಷೆ ಹೇಳಿತು. ಶ್ವೇತಜ್ಜಿ ಅದರಲ್ಲಿ ಹೂಗಿಡಗಳಿಗೆ ನೀರು ಸೇದುತ್ತಾಳೆ.

ನಂಜುಂಡ ಆಮೇಲೆ ಬೇರೆ ಊರುಗಳಿಗೂ ಹೋದ. ಹೋದ ಕಡೆಯೆಲ್ಲ ಮೊದಲು ಬಚ್ಚಲುಗಳು ಗುಳುಗುಳು ಎಂದವು, ಜನ ಹೊಗಳಿದರು. ಒಂದೆರಡು ವರ್ಷಗಳಲ್ಲಿ ಬಿಳಿಯ ಗೋಡೆಗಳು ಎದ್ದವು. ಒಂದೂರಿನಲ್ಲಿ ಕೊಳಚೆ ಕೆರೆಗೆ ಸೇರುವ ಕಡೆ, ಇನ್ನೊಂದೂರಿನಲ್ಲಿ ಶಾಲೆಯ ಬೋರ್‌ವೆಲ್‌ನ ಬಗಲಲ್ಲಿ, ಮತ್ತೊಂದರಲ್ಲಿ ಒಂದು ಹೊಸ ಬಡಾವಣೆಯ ಕೊನೆಯ ಮನೆಯ ಆಚೆ, ಕೊಳವೆ ಇದೆಯೆಂದು ಎಲ್ಲರೂ ನಂಬಿದ್ದ, ಆದರೆ ಯಾರೂ ಹಾಕದೆ ಬಿಟ್ಟಿದ್ದ ಕಡೆ. ಕೆಲವು ಊರುಗಳು ಅಗೆದು ನೋಡಿದವು. ಕೆಲವು ಊರುಗಳು ಮೈಲುತುತ್ತ ಸುರಿದು, ಗೋಡೆ ಒಡೆದು, ನೀರು ಹರಿಯಿತಲ್ಲ, ಸದ್ಯ, ಎಂದು ನೆಮ್ಮದಿಯಾದವು. ಅಂಥ ಊರುಗಳ ಪಟ್ಟಿ ಸಣ್ಣದೇನಲ್ಲ.

ಇಂಚರಳ ಮೇಜಿನ ಮೇಲೆ ಆ ಕಿತ್ತಳೆ ಬಣ್ಣದ ಕೇಬಲ್ ಕೊಳವೆಯ ಒಂದು ತುಂಡು ಇದೆ. ಅದರ ಮೈಮೇಲೆ ತಯಾರಾದ ಇಸವಿ ಅಚ್ಚಾಗಿದೆ: 2026. ಅದನ್ನು ನೋಡಿದಾಗಲೆಲ್ಲ ಆ ವರ್ಷದ ಒಂದು ಮಧ್ಯಾಹ್ನವನ್ನು ಅವಳು ಊಹಿಸಿಕೊಳ್ಳಲು ಯತ್ನಿಸುತ್ತಾಳೆ. ಬಿಸಿಲು. ಮುಖ್ಯರಸ್ತೆಯ ಒಂದು ಬದಿಗೆ ಹಗ್ಗ ಕಟ್ಟಿದ್ದಾರೆ. ಕೇಬಲ್ ಹೂಳಲು ಗುಂಡಿ ತೋಡುತ್ತಿರುವ ಯಂತ್ರದ ಹಲ್ಲಿಗೆ ಏನೋ ಗಟ್ಟಿಯಾದದ್ದು ತಗುಲಿ ಕಟಕ್ಕೆಂದು ಮುರಿಯುತ್ತದೆ. ಚಾಲಕ ಯಂತ್ರ ನಿಲ್ಲಿಸಿ ಬಗ್ಗಿ ನೋಡುತ್ತಾನೆ. ಗುಂಡಿಯಲ್ಲಿ ಕೊಳಕು ನೀರು ತುಂಬಿಕೊಳ್ಳುತ್ತದೆ. ಯಾರಿಗೆ ಹೇಳಬೇಕೆಂದು ಅವನು ಆಚೀಚೆ ನೋಡುವಷ್ಟರಲ್ಲಿ ನೀರು ತಾನಾಗಿ ಇಂಗಿಹೋಗುತ್ತದೆ. ಅವನು ನಿಟ್ಟುಸಿರು ಬಿಟ್ಟು ಮತ್ತೆ ಏರಿ ಕೂರುತ್ತಾನೆ. ಸಂಜೆಯೊಳಗೆ ಕೇಬಲ್ ಮಲಗುತ್ತದೆ, ಮಣ್ಣು ಮುಚ್ಚುತ್ತದೆ, ವಾರದಲ್ಲಿ ಟಾರು ಬೀಳುತ್ತದೆ. ಮೇಲಿನ ಬೀದಿಯ ಮನೆಗಳಲ್ಲಿ ಬಚ್ಚಲಿನ ನೀರು ಹಿಂದೆಂದಿಗಿಂತ ಬೇಗ ಖಾಲಿಯಾಗತೊಡಗುತ್ತದೆ. ಯಾರೂ ದೂರು ಕೊಡುವುದಿಲ್ಲ. ದೂರು ಕೊಡಲು ಏನಿದೆ? ನೀರು ಸರಾಗವಾಗಿ ಹೋಗುತ್ತಿದೆ.